ತಮ್ಮನ ಬಟ್ಟಲು

ಚಿಕ್ಕೋಡಿ ಪೇಟೆಯಲ್ಲಿ ನಾನು ಕಿರಾಣಿ ಅಂಗಡಿಯ ಮೆಟ್ಟಿಲು ಹತ್ತಿದರೆ ಅಂಗಡಿಯವರು "ಕನ್ನಡಕ ತಂದೀರಿಲ್ರಿ ಬಾಯಾರ?" ಎಂದು ಮೊದಲೇ ಕೇಳಿಬಿಡುತ್ತಾರೆ. ಮಕ್ಕಳು ತಿನ್ನುವ, ಕುಡಿಯುವ ಯಾವ ಪೊಟ್ಟಣವನ್ನೂ ಹಿಂಬದಿಯ ಇರುವೆಯಂಥ ಅಕ್ಷರ ಓದದೆ ನಾನು ಚೀಲಕ್ಕೆ ಹಾಕಿದವಳಲ್ಲ. ಹಣ್ಣಿನ ರಸದ ಡಬ್ಬಿಗಂತೂ ನನ್ನ ಕೈಯಲ್ಲಿ ಪಂಚನಾಮೆಯೇ ಆಗುತ್ತದೆ: ಸಕ್ಕರೆ ಎಷ್ಟು, ಹಣ್ಣು ಎಷ್ಟು, ಬರೀ ಹಣ್ಣಿನ ಚಿತ್ರ ಎಷ್ಟು. ಮೊಮ್ಮಗ ಎರಡು ಸಲ ಸೀನಿದರೆ ಮೂವರಿಗೆ ಫೋನ್ ಮಾಡುತ್ತೇನೆ. ಚಿಂತೆ ಮಾಡುವುದಕ್ಕೆ ಪಗಾರ ಕೊಡುವ ನೌಕರಿ ಇದ್ದಿದ್ದರೆ ನನಗೆ ಈ ಹೊತ್ತಿಗೆ ಪೆನ್ಶನ್ ಬರುತ್ತಿತ್ತು. ಓಣಿಯವರು ಇದನ್ನೆಲ್ಲ ನೋಡಿ, "ಸುಜಾತಾಬಾಯಾರಿಗೆ ಕೂಸುಗಳಂದ್ರ ಎಷ್ಟ ಕಾಳಜಿ" ಅನ್ನುತ್ತಾರೆ. ನಾನು ಸುಮ್ಮನೆ ಅನ್ನಿಸಿಕೊಳ್ಳುತ್ತೇನೆ. ಕಳ್ಳತನ ಮಾಡಿದವನೇ ತನ್ನ ಮನೆಯ ಚಿಲಕವನ್ನು ಮೂರು ಸಲ ಎಳೆದು ನೋಡುತ್ತಾನೆ ಎಂಬುದು ಅವರಿಗೇನು ಗೊತ್ತು? ನನ್ನ ಬದುಕಿನ ಕಥೆ ಬರೆಯುತ್ತ ಈ ಅಧ್ಯಾಯವನ್ನು ಬರೆಯದೆ ದಾಟಿ ಹೋಗಬಹುದಿತ್ತು. ಎರಡು ಸಲ ದಾಟಿ ಹೋಗಿಯೂ ನೋಡಿದೆ. ಮುಂದಿನ ಅಧ್ಯಾಯಗಳಲ್ಲೆಲ್ಲ ನಾನು ಬಹಳ ಒಳ್ಳೆಯ ಹುಡುಗಿಯಾಗಿ ಕಾಣತೊಡಗಿದೆ. ಅದಕ್ಕೇ ತಿರುಗಿ ಬಂದಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಕಾಗವಾಡದಿಂದ ಉಗಾರದ ಕಡೆ ಹೋಗುವ ಹಾದಿಯಲ್ಲಿದ್ದ ತೋಟದ ಮನೆಯಲ್ಲಿ. ಮುಂದೆ ಕಬ್ಬು, ಹಿಂದೆ ದ್ರಾಕ್ಷಿ, ನಡುವೆ ನಾವು. ಪಡಸಾಲೆ, ಅದರ ಬಲಕ್ಕೆ ದೇವರ ಕೋಣೆ, ಎಡಕ್ಕೆ ಅಡುಗೆಮನೆ. ಅಡುಗೆಮನೆಯಿಂದ ಹಿತ್ತಲಿಗೆ ಇಳಿಯುವಲ್ಲಿ ತಗಡಿನ ಇಳಿಜಾರಿನ ಕೆಳಗೊಂದು ಕಲ್ಲಿನ ಕಟ್ಟೆ. ಮನೆಯ ಯಜಮಾನ್ತಿ ನಮ್ಮ ಆಯಿ, ಎಂದರೆ ಅಪ್ಪನ ತಾಯಿ. ಅವಳ ರಾಜ್ಯದಲ್ಲಿ ಎರಡು ಕಾಯಿದೆಗಳಿದ್ದವು. ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣಕೂಡದು. ತಟ್ಟೆಯಲ್ಲಿ ಒಂದು ಅಗುಳೂ ಉಳಿಯಕೂಡದು. ಜೈನರ ಮನೆಗಳಲ್ಲಿ ಇವೆರಡೂ ಹೊಸವಲ್ಲ. ಆದರೆ ಆಯಿ ಅವನ್ನು ಪಾಲಿಸುತ್ತಿದ್ದ ರೀತಿಗೆ ಸೂರ್ಯನೂ ಒಂದಿಷ್ಟು ಅಂಜಿ ಮುಳುಗುತ್ತಿದ್ದನೇನೋ. ಉಗಾರದ ಸಕ್ಕರೆ ಕಾರ್ಖಾನೆಯ ಸಂಜೆಯ ಪಾಳಿಯ ಭೋಂಗಾದ ಕೂಗು ಗಾಳಿಯಲ್ಲಿ ತೇಲಿ ಬಂತೆಂದರೆ ಸಾಕು, ಮನೆಯೊಳಗೆ ಓಟ ಶುರು. ಬಿಸಿ ರೊಟ್ಟಿ ಬಡಿಯುವ ಸಪ್ಪಳ, ತಂಬಿಗೆಗಳ ಸಪ್ಪಳ, "ಹೊತ್ತ ಇಳೀತು, ಕೂಡ್ರಿ, ಕೂಡ್ರಿ" ಎಂಬ ಆಯಿಯ ಕೂಗು. ಉಂಡಾದ ಮೇಲೆ ಪ್ರತಿಯೊಬ್ಬರೂ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನು ಕುಡಿಯಬೇಕು. ಎಂಜಲು ಉಳಿದರೆ ಅದರಲ್ಲಿ ಜೀವ ಹುಟ್ಟುತ್ತದೆ, ಆ ಜೀವದ ಪಾಪ ಉಳಿಸಿದವರಿಗೆ. ನಾನು ಮೂರನೆಯ ವರ್ಷಕ್ಕೇ ತಟ್ಟೆ ತೊಳೆದು ಕುಡಿಯಲು ಕಲಿತವಳು. ಆ ವಿದ್ಯೆ ಯಾವುದಕ್ಕೆ ಬಳಕೆಯಾಯಿತು ಎನ್ನುವುದೇ ಈ ಕಥೆ.

ನನಗೆ ಒಂಬತ್ತು ತುಂಬಿದಾಗ ತಮ್ಮ ಹುಟ್ಟಿದ. ನನ್ನ ನಂತರ ಎರಡು ಕೂಸು ಉಳಿಯದೆ ಹೋಗಿದ್ದವು, ಹಾಗಾಗಿ ಇವನಿಗೆ ಬಲವಾದ ಹೆಸರೇ ಬೇಕೆಂದು ಆಯಿ ಬಾಹುಬಲಿ ಎಂದಿಟ್ಟಳು. ಅವನು ಆರು ತಿಂಗಳಿಗೆ ಬರುವುದಕ್ಕೂ ದ್ರಾಕ್ಷಿ ಕೊಯ್ಲಿಗೆ ಬರುವುದಕ್ಕೂ ಸರಿಹೋಯಿತು. ಆಯಿ ದಿನಾ ಬೆಳಿಗ್ಗೆ ತಾನೇ ಬಳ್ಳಿಯ ಕೆಳಗೆ ಬಗ್ಗಿ ಹೋಗಿ ಎರಡು ಗೊಂಚಲು ಆರಿಸಿ ತರುವಳು. ನೀರು ಸೋಸಲೆಂದು ನಮ್ಮ ಮನೆಯಲ್ಲಿ ಯಾವಾಗಲೂ ಒಗೆದು ಮಡಿಸಿಟ್ಟ ದಪ್ಪನೆಯ ಬಿಳಿ ಬಟ್ಟೆಗಳಿರುತ್ತಿದ್ದವು. ಅವುಗಳಲ್ಲಿ ಒಂದನ್ನು ರಸಕ್ಕೆಂದೇ ತೆಗೆದಿಟ್ಟಿದ್ದಳು. ಹಣ್ಣು ಕಿವುಚಿ, ಬಟ್ಟೆಯಲ್ಲಿ ಕಟ್ಟಿ, ಹಿಂಡಿ ಹಿಂಡಿ ತಿಳಿ ರಸ ತೆಗೆದು ಬಾಟಲಿಗೆ ತುಂಬಿದರೆ ಬಟ್ಟೆ ನೇರಳೆ, ಆಯಿಯ ಮುಖ ಬೆಳದಿಂಗಳು. "ಮಂದಿ ಕೂಸು ನುಚ್ಚು ತಿಂದು ಬೆಳಿತಾವ, ನಮ್ಮ ಬಾಹುಬಲಿ ದ್ರಾಕ್ಷಿ ಕುಡದು ಬೆಳಿತಾನ" ಎಂದು ಬಂದವರಿಗೆಲ್ಲ ಹೇಳುವಳು. ಹಣ್ಣಿನ ತಿರುಳೂ ಸಿಪ್ಪೆಯೂ ಬಟ್ಟೆಯಲ್ಲೇ ಉಳಿದು ಎಮ್ಮೆಯ ಬಾನಿಗೆ ಹೋಗುತ್ತಿದ್ದವು. ಆ ವರ್ಷ ನಮ್ಮ ಎಮ್ಮೆ ಚೆನ್ನಾಗಿ ಮೈತುಂಬಿಕೊಂಡಿತ್ತು.

ಆದರೆ ಆಯಿ ಬರೀ ರಸದ ಮೇಲೆ ಕೂಸನ್ನು ಬಿಟ್ಟವಳಲ್ಲ. ಇದನ್ನು ಬರೆಯಲೇಬೇಕು, ಸತ್ತವಳ ತಲೆಗೆ ಕಟ್ಟಿ ಪಾರಾಗುವುದು ಸುಲಭ. ಸಂಜೆ ಅವನಿಗೆಂದು ಸಣ್ಣ ಕಂಚಿನ ಬಟ್ಟಲಲ್ಲಿ ಅನ್ನ ಬರುತ್ತಿತ್ತು. ಮೆತ್ತಗೆ ಬೇಯಿಸಿದ ಅನ್ನಕ್ಕೆ ಹೆಸರುಬೇಳೆಯ ಕಟ್ಟು, ಚಿಟಿಕೆ ಉಪ್ಪು, ಮೇಲೆ ಅರ್ಧ ಚಮಚ ಆಗಷ್ಟೇ ಕಾಸಿದ ತುಪ್ಪ. ಅವ್ವ ಅದನ್ನು ಬೆರಳಿನಿಂದ ನಾದಿ ನಾದಿ ಬೆಣ್ಣೆಯಂತೆ ಮಾಡುತ್ತಿದ್ದಳು. ಭೋಂಗಾ ಕೂಗಿದ ಮೇಲೆ ದೊಡ್ಡವರಿಗೆ ಯಾರಿಗೂ ಬಿಡುವಿಲ್ಲ. ಹಾಗಾಗಿ ತಮ್ಮನನ್ನೂ ಬಟ್ಟಲನ್ನೂ ನನ್ನ ಕೈಗೆ ಕೊಟ್ಟು ಹಿತ್ತಲ ಕಟ್ಟೆಗೆ ಕಳಿಸುತ್ತಿದ್ದರು. "ಹೊತ್ತ ಮುಳುಗೂದ್ರಾಗ ಮುಗಿಸ್ಕೊಂಡ ಬಾ" ಎನ್ನುವುದು ಆಜ್ಞೆ. ಜೊತೆಗೆ ಅರ್ಧ ಬಾಟಲಿ ರಸ, ಅನ್ನದ ನಂತರ ಕುಡಿಸಲು.

ಕೂಸಿಗೆ ಉಣ್ಣಿಸಿದವರಿಗೆ ಗೊತ್ತು, ಅದು ಉಣ್ಣುವುದಿಲ್ಲ. ಬಾಯಿಗಿಟ್ಟದ್ದನ್ನು ನಾಲಿಗೆಯಿಂದ ಹೊರಗೆ ತಳ್ಳುತ್ತದೆ, ಕಾಗೆ ನೋಡುತ್ತದೆ, ನಿಮ್ಮ ಜಡೆ ಎಳೆಯುತ್ತದೆ, ಅನ್ನದಲ್ಲಿ ಕೈಯಿಟ್ಟು ಆ ಕೈಯನ್ನು ತಲೆಗೆ ಒರೆಸಿಕೊಳ್ಳುತ್ತದೆ. ಒಂದು ಬಟ್ಟಲಿಗೆ ಒಂದು ತಾಸು. ನಾನೋ ಸೂರ್ಯನ ಜೊತೆ ಪಂದ್ಯ ಕಟ್ಟಿದವಳು, ಅದೂ ಹಸಿದವಳು. ಮೊದಲ ದಿನ ಅವನು ಉಗುಳಿದ ತುತ್ತು ನೆಲಕ್ಕೆ ಬೀಳಬಾರದೆಂದು ನನ್ನ ಬಾಯಿಗೆ ಹಾಕಿಕೊಂಡೆ. ಅದು ಧರ್ಮವೇ ಆಗಿತ್ತು. ಆದರೆ ಆ ತುತ್ತು ನಾಲಿಗೆಯ ಮೇಲೆ ಕರಗಿದ ರೀತಿ ಇವತ್ತಿಗೂ ನನಗೆ ನೆನಪಿದೆ. ನಮ್ಮ ತಟ್ಟೆಗೆ ಬರುತ್ತಿದ್ದುದು ಜೋಳದ ರೊಟ್ಟಿ, ಕಾರ, ಕಾಳಿನ ಪಲ್ಯ. ಅನ್ನ ಹಬ್ಬಕ್ಕೆ, ತುಪ್ಪ ಅತಿಥಿಗೆ. ಎರಡನೆಯ ದಿನ ಅವನು ಉಗುಳಲೆಂದು ಕಾದೆ. ನಾಲ್ಕನೆಯ ದಿನ ಕಾಯಲಿಲ್ಲ. ಬಾಟಲಿ ಬಾಯಿಗಿಟ್ಟರೆ ಬಾಹು ಕಣ್ಣು ಮುಚ್ಚಿ ಗಟಗಟ ಕುಡಿದು, ಹೊಟ್ಟೆ ತುಂಬಿ, ನಗುತ್ತ ಕೂಡುತ್ತಿದ್ದ. ಅವನಿಗೂ ಸುಖ, ನನಗೂ ಸುಖ, ಸೂರ್ಯ ಇನ್ನೂ ಒಂದು ಮಾರು ಮೇಲೆ. ಕೊನೆಗೆ ಬಟ್ಟಲಿಗೆ ನೀರು ಹಾಕಿ ಬೆರಳಿನಿಂದ ತೊಳೆದು ಆ ನೀರನ್ನೂ ಕುಡಿದುಬಿಡುತ್ತಿದ್ದೆ. ಕಳ್ಳಿ ಎಂಬುದು ಹೌದು, ಆದರೆ ನೇಮ ಬಿಟ್ಟ ಕಳ್ಳಿಯಲ್ಲ.

ಆಯಿ ಆ ಬಟ್ಟಲನ್ನು ಬೆಳಕಿಗೆ ಹಿಡಿದು ನೋಡುವಳು.

"ನೋಡ್ರಿ ನನ್ನ ಮೊಮ್ಮಗಳ್ನ. ತೊಳದಿಟ್ಟಂಗ ಬಟ್ಟಲ! ಒಂದ ಅಗಳ ಬಿಟ್ಟಿಲ್ಲ. ಹಿಂಗ ಉಣಸಾಕ ಪುಣ್ಯಾ ಬೇಕು."

ಅವ್ವ ಒಲೆಯ ಮುಂದಿನಿಂದಲೇ ನನ್ನ ಕಡೆ ನೋಡಿ ನಗುತ್ತಿದ್ದಳು. ಅವಳಿಗೆ ಹೊಗಳಿಕೆ ಸಿಗುವ ಮನೆಯಾಗಿರಲಿಲ್ಲ ಅದು; ಮಗಳಿಗೆ ಸಿಕ್ಕದ್ದನ್ನೇ ತನ್ನದೆಂದು ಇಟ್ಟುಕೊಳ್ಳುತ್ತಿದ್ದಳು.

ದ್ರಾಕ್ಷಿ ಮುಗಿದ ಮೇಲೆ ಒಣದ್ರಾಕ್ಷಿ ನೆನೆಹಾಕಿ ಹಿಂಡಿದ ರಸ ಶುರುವಾಯಿತು, ಇನ್ನೂ ಸಿಹಿ. ಅಷ್ಟರಲ್ಲಿ ಬಾಹುವಿನ ಕಾಲುಗಳು ತೆಳ್ಳಗಾಗಿದ್ದವು, ಹೊಟ್ಟೆ ಮಾತ್ರ ಮುಂದೆ. ದಿನಕ್ಕೆ ಐದಾರು ಸಲ ನೀರಿನಂತೆ ಭೇದಿ. ಹೊಸದಾಗಿ ಬಂದ ಎರಡು ಮುಂದಿನ ಹಲ್ಲುಗಳ ಅಂಚಿನಲ್ಲಿ ಕಂದು ಗೆರೆ. ರಸದಿಂದ ಹೊಟ್ಟೆ ತುಂಬಿದ ಕೂಸು ಅವ್ವನ ಮೊಲೆಗೂ ಮುಖ ತಿರುಗಿಸತೊಡಗಿತು. ಕೂಸು ಚೀಪದಿದ್ದರೆ ಹಾಲು ತಾನಾಗಿ ಇಳಿಯುತ್ತದೆ ಎಂಬುದು ನನಗೆ ತಿಳಿದದ್ದು ನಾನೇ ತಾಯಿಯಾದ ಮೇಲೆ. ಆಗ ಕಂಡದ್ದು ಇಷ್ಟೇ: ಅವ್ವ ಅವನನ್ನು ಮಡಿಲಿಗೆ ಹಾಕಿಕೊಂಡು "ಕುಡಿಯೋ ನನ್ನಪ್ಪ, ಕುಡಿಯೋ" ಎಂದು ಬೇಡಿಕೊಳ್ಳುತ್ತಿದ್ದಳು, ಅವನು ಬಾಟಲಿಯ ಕಡೆ ಕೈ ಮಾಡುತ್ತಿದ್ದ.

ಮಳೆಗಾಲ ಶುರುವಾಗುವ ಮುಂಚೆ ಒಂದು ದಿನ ನರ್ಸಬಾಯಿ ಕೂಸುಗಳನ್ನು ತೂಗುತ್ತ ನಮ್ಮ ತೋಟಕ್ಕೂ ಬಂದರು. ಬಿಳಿ ಸೀರೆಯ ತುಂಬ ಕೆಂಪು ದೂಳು. ಪಡಸಾಲೆಯ ತೊಲೆಗೆ ಮುಳ್ಳಿನ ತಕ್ಕಡಿ ಕಟ್ಟಿ, ಬಟ್ಟೆಯ ಜೋಳಿಗೆಯಲ್ಲಿ ಬಾಹುವನ್ನು ಕೂಡಿಸಿದರು. ಅವನು ಮೆಲ್ಲಗೆ ತಿರುಗುತ್ತ ನಕ್ಕ. ಮುಳ್ಳು ಎಲ್ಲಿ ನಿಂತಿತೋ ನನಗೆ ತಿಳಿಯಲಿಲ್ಲ, ಆದರೆ ನರ್ಸಬಾಯಿ ಅದನ್ನು ಎರಡು ಸಲ ನೋಡಿದರು. ಆಮೇಲೆ ತಮ್ಮ ಕಾರ್ಡಿನ ಬಣ್ಣದ ಪಟ್ಟಿಯ ಮೇಲೆ, ಎಲ್ಲಕ್ಕಿಂತ ಕೆಳಗೆ, ಒಂದು ಚುಕ್ಕೆ ಇಟ್ಟರು.

"ಆಯಿ, ಕೂಸಿಗೆ ಏನೇನ ಕೊಡ್ತೀರಿ?"

"ಏನ ಕೊಡೂದಿಲ್ಲ ಕೇಳ್ರಿ ಬಾಯಾರ. ತುಪ್ಪದ ಅನ್ನ, ಬ್ಯಾಳಿ ಕಟ್ಟು, ಮುಂಜಾನಿ-ಸಂಜಿ ದ್ರಾಕ್ಷಿ ರಸಾ."

"ರಸಾ ಬಿಡ್ರಿ ಮೊದಲ. ವರ್ಷ ತುಂಬೂತನಕ ಅದು ಬ್ಯಾಡ. ಹೊಟ್ಟಿ ತುಂಬತೈತಿ, ಮೈ ತುಂಬಂಗಿಲ್ಲ."

"ದ್ರಾಕ್ಷಿ ತ್ವಾಟದಾಗ ನಿಂತು ದ್ರಾಕ್ಷಿ ಬ್ಯಾಡ ಅಂತೀರಲ್ರಿ!" ಆಯಿ ನಕ್ಕಳು, ಆದರೆ ಕಣ್ಣು ನಗಲಿಲ್ಲ.

"ಅನ್ನ ಖರೇನ ಉಣ್ತಾನ? ಉಂಡಿದ್ದರ ಇಷ್ಟ ಇಳೀತಿರಲಿಲ್ರಿ. ಯಾರ ಉಣಸ್ತಾರ?"

ಎಲ್ಲರೂ ನನ್ನ ಕಡೆ ನೋಡಿದರು. ನಾನು ಕಂಬಕ್ಕೆ ಬೆನ್ನು ಹಚ್ಚಿ ನಿಂತಿದ್ದೆ. ಆ ನಾಲ್ಕು ತಿಂಗಳಲ್ಲಿ ನನ್ನ ಲಂಗದ ಹುಕ್ಕು ಎರಡು ಸಲ ಹಿಂದೆ ಸರಿದಿತ್ತು. ನರ್ಸಬಾಯಿಯ ಕಣ್ಣು ನನ್ನ ಕೆನ್ನೆಯ ಮೇಲೆ ಒಂದು ಗಳಿಗೆ ನಿಂತದ್ದು ನಿಜವೋ, ಆಮೇಲೆ ನನ್ನ ಅಂಜಿಕೆ ಸೇರಿಸಿದ್ದೋ ಹೇಳಲಾರೆ.

"ಹೇಳವಾ ತಂಗಿ, ಪೂರಾ ಉಣ್ತಾನ?"

"ಹೌದ್ರಿ" ಅಂದೆ. "ಪೂರಾ ಉಣ್ತಾನ್ರಿ."

"ಆಕಿ ತರೂ ಬಟ್ಟಲ ನೋಡ್ರಿ ನೀವ" ಎಂದು ಆಯಿ ನನ್ನ ಸಾಕ್ಷಿಗೆ ನಿಂತಳು. ಆಮೇಲೆ ಲೆಕ್ಕ ಬಿಡಿಸುವವಳಂತೆ ಬೆರಳು ಮಡಿಸಿದಳು. "ಅನ್ನ ಉಣ್ತಾನ. ರಸಾ ಕುಡಿತಾನ. ಉಳದದ್ದ ಏನ? ಹಾಲು." ಅಡುಗೆಮನೆಯ ಬಾಗಿಲಲ್ಲಿ ನಿಂತ ಅವ್ವನ ಕಡೆ ತಿರುಗಿದಳು. "ನಿನ್ನ ಹಾಲಿನ್ಯಾಗ ಬಲಾ ಇಲ್ಲಬೇ. ಆ ಎರಡೂ ಕೂಸು ಅದಕ್ಕ ಉಳೀಲಿಲ್ಲ, ಈಗ ತಿಳೀತು."

ನರ್ಸಬಾಯಿ "ಹಂಗ ಅನಬ್ಯಾಡ್ರಿ ಆಯಿ, ಹಾಲಿನ್ಯಾಗ ಬಲಾ ಇಲ್ಲ ಅನ್ನೂದ ಇರಂಗಿಲ್ಲ" ಎಂದರು. ಯಾರೂ ಕೇಳಲಿಲ್ಲ. ಒಂದು ಮಾತು, ಬರೀ ಒಂದು ಮಾತು ನನ್ನ ಬಾಯಲ್ಲಿತ್ತು. ಅವ್ವ ಸೆರಗನ್ನು ಎದೆಯ ಮೇಲೆ ಎರಡೂ ಕೈಯಿಂದ ಎಳೆದುಕೊಂಡು ಒಳಗೆ ಹೋದಳು. ನಾನು ಆ ಮಾತನ್ನೂ ತುಪ್ಪದನ್ನದ ಹಾಗೇ ನುಂಗಿದೆ.

ಅವ್ವ ಬಚ್ಚಲ ಬಾಗಿಲು ಮುಚ್ಚಿಕೊಂಡಿದ್ದಳು. ಒಳಗೆ ನೀರು ಸುರಿಯುವ ಸಪ್ಪಳ. ಸ್ನಾನದ್ದಲ್ಲ, ಅಳು ಕೇಳಬಾರದೆಂದು ಸುರಿಯುವ ನೀರು. ನಾನು ಹೊರಗೆ ನಿಂತೆ. ಬಾಗಿಲು ತಟ್ಟಬೇಕೆಂದು ಕೈ ಎತ್ತಿದೆ. ಅಷ್ಟರಲ್ಲಿ ದೂರದಿಂದ ಭೋಂಗಾ ಕೂಗಿತು, ಅಡುಗೆಮನೆಯಿಂದ ಆಯಿ ಕೂಗಿದಳು, "ಸುಜಾ, ಬಟ್ಟಲ ತಗೊಂಡ ಹೋಗ." ಹೋದೆ. ಓದುವ ನೀವು, ಆ ಸಂಜೆಯಾದರೂ ಇವಳು ತಮ್ಮನಿಗೆ ಉಣ್ಣಿಸಿರಬೇಕು ಎಂದುಕೊಳ್ಳುತ್ತೀರಿ. ನಾನೂ ಬಹಳ ವರ್ಷ ಹಾಗೇ ನೆನಪಿಟ್ಟುಕೊಳ್ಳಲು ನೋಡಿದ್ದೇನೆ. ಮೂರು ತುತ್ತು ಉಣ್ಣಿಸಿದೆ. ನಾಲ್ಕನೆಯದನ್ನು ಅವನು ಉಗುಳಿದ. ಉಳಿದದ್ದನ್ನು ಅಳುತ್ತ ಉಂಡೆ. ಅಳುತ್ತ ಉಂಡದ್ದರಿಂದ ರುಚಿ ಕಡಿಮೆಯಾಗಲಿಲ್ಲ.

ಮಳೆ ಹಿಡಿದ ವಾರದಲ್ಲಿ ಬಾಹುವಿನ ಭೇದಿ ನಿಲ್ಲದೆ, ಕಣ್ಣು ಗುಳಿಬಿದ್ದು, ಅಪ್ಪ, ಅವ್ವ ಅವನನ್ನು ಮಿರಜಿನ ಆಸ್ಪತ್ರೆಗೆ ಒಯ್ದರು. ಎಂಟು ದಿನ ಮನೆಯಲ್ಲಿ ನಾನು ಮತ್ತು ಆಯಿ. ಆ ಎಂಟು ದಿನ ನನಗೆ ಅನ್ನ ಸೇರಲಿಲ್ಲ. ಯಾರೂ ಕೊಡಲೂ ಇಲ್ಲ ಅನ್ನಿ. ದೇವರ ಕೋಣೆಯಲ್ಲಿ ಕೂತು, ತಮ್ಮ ಬದುಕಿದರೆ ಎಲ್ಲವನ್ನೂ ಹೇಳಿಬಿಡುತ್ತೇನೆಂದು ಮಾತು ಕೊಟ್ಟೆ. ಅವನು ಬದುಕಿ ಬಂದ. ಅವ್ವನ ಹಾಲು ಆ ಹೊತ್ತಿಗೆ ಪೂರ್ತಿ ನಿಂತಿತ್ತು. ಮಿರಜಿನಿಂದ ಬರುವಾಗ ಅಪ್ಪ ಹಾಲಿನ ಪುಡಿಯ ಡಬ್ಬಿ ತಂದಿದ್ದ. ಅಲ್ಲಿಯ ಡಾಕ್ಟರು ರಸ ಬಿಡಿಸಿದ್ದರು, ಅವ್ವ ಇನ್ನು ಮುಂದೆ ತಾನೇ ಉಣ್ಣಿಸುತ್ತೇನೆಂದು ಬಟ್ಟಲು ಕಸಿದುಕೊಂಡಳು. ಕೂಸು ಎರಡು ತಿಂಗಳಲ್ಲಿ ಚೇತರಿಸಿಕೊಂಡಿತು. ಹೆಸರು ಬಂದದ್ದು ಡಬ್ಬಿಗೆ. "ತಾಯಿ ಹಾಲಿಂದ ಆಗದ್ದು ಡಬ್ಬಿ ಹಾಲಿಂದ ಆತು" ಎಂದು ಆಯಿ ಸಾಯುವತನಕ ಹೇಳಿದಳು. ಅವ್ವನೂ ನಂಬಿದಳು. ದೇವರಿಗೆ ಕೊಟ್ಟ ಮಾತು ಏನಾಯಿತೆಂದು ಕೇಳಬೇಡಿ. ತಮ್ಮ ಬದುಕಿದ್ದಾನಲ್ಲ, ಈಗ ಹೇಳಿ ಆಗುವುದೇನು ಎಂದು ದೇವರಿಗೆ ಸಮಜಾಯಿಷಿ ಕೊಟ್ಟೆ. ಒಂಬತ್ತು ವರ್ಷಕ್ಕೇ ನಾನು ವಕೀಲಳಾಗಿದ್ದೆ.

ಅದು ಅಲ್ಲಿಗೇ ಮುಗಿದಿದ್ದರೆ ಬಾಲ್ಯದ ತಪ್ಪೆಂದು ಕ್ಷಮಿಸಬಹುದಿತ್ತು. ನನ್ನ ಮದುವೆಯಾಗಿ, ಶ್ವೇತಾ ಹುಟ್ಟಿ, ನಾನು ತೋಟದ ಮನೆಯಲ್ಲಿ ಬಾಣಂತನದಲ್ಲಿದ್ದಾಗ, ಹತ್ತನೆಯ ದಿನ ಅವ್ವ ಟ್ರಂಕಿನಿಂದ ಒಂದು ಡಬ್ಬಿ ತೆಗೆದು ನನ್ನ ತಲೆದಿಂಬಿನ ಹತ್ತಿರ ಇಟ್ಟಳು. "ನಿಂದೂ ನನ್ನ ಮೈನ ಅಲ್ಲೇನ? ನಮ್ಮ ಹಾಲಿಗಿ ಬಲಾ ಇಲ್ಲವಾ. ಮೊದಲ ಶುರು ಮಾಡಿಬಿಡು, ನನ್ನಂಗ ಅನ್ನಿಸ್ಕೊಳ್ಳೂದು ಬ್ಯಾಡ." ನನ್ನ ಎದೆ ಹಾಲು ತುಂಬಿ ಕಲ್ಲಾಗಿತ್ತು, ರವಿಕೆ ನೆನೆದಿತ್ತು. ಹೇಳಬಹುದಿತ್ತು. ಇಪ್ಪತ್ತಮೂರು ವರ್ಷದವಳಾಗಿದ್ದೆ, ಹೊಡೆಯುವವರು ಯಾರೂ ಇರಲಿಲ್ಲ. ಆದರೆ ಅಷ್ಟು ಪ್ರೀತಿಯಿಂದ ಇಟ್ಟ ಡಬ್ಬಿಗೆ ನನ್ನ ಬಳಿ ಒಂದೇ ಒಂದು ಉತ್ತರವಿತ್ತು, ಅದು ನಾಚಿಕೆಯದು. ಡಬ್ಬಿ ಒಡೆದೆ. ನನ್ನ ಸುಳ್ಳನ್ನು ನನ್ನ ಮಗಳಿಗೇ ಚಮಚದಲ್ಲಿ ಅಳೆದು, ಬಿಸಿನೀರಿನಲ್ಲಿ ಕದಡಿ ಕುಡಿಸಿದೆ.

ಈಗ ಆ ಶ್ವೇತಾಳಿಗೇ ಗಂಡುಮಗು, ಏಳನೆಯ ತಿಂಗಳು. ಮೊನ್ನೆ ದ್ರಾಕ್ಷಿ ಸುಗ್ಗಿಯಲ್ಲಿ ಅವಳು ಕೂಸಿನೊಂದಿಗೆ ಚಿಕ್ಕೋಡಿಗೆ ಬಂದಳು. ಮರಿಮೊಮ್ಮಗನನ್ನು ನೋಡಲೆಂದು ಅವ್ವನೂ ಬಂದಳು. ಕರೆತಂದವನು ಬಾಹು, ಈಗ ತೋಟ ನೋಡಿಕೊಳ್ಳುವ ನಲವತ್ತರ ಗೃಹಸ್ಥ. ಹೆಸರಿಗೆ ತಕ್ಕ ತೋಳುಗಳೇ ಇವೆ. ಹಾಲುಹಲ್ಲು ಕೆಟ್ಟು ಬಿದ್ದು ಆ ಜಾಗದಲ್ಲಿ ಹೊಸವು ಬಂದು ಮೂವತ್ತು ವರ್ಷವಾಯಿತು, ಆದರೆ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ರೂಢಿ ಮಾತ್ರ ಹೋಗಿಲ್ಲ. ದ್ರಾಕ್ಷಿಯ ಪೆಟ್ಟಿಗೆ ಇಳಿಸಿ, ಚಹಾ ಕುಡಿದು ಅವನು ಹೋದ. ಸಂಜೆ ನಾನು ಪೇಟೆಯ ಕೆಲಸ ಮುಗಿಸಿ ಮನೆಗೆ ಬರುವಷ್ಟರಲ್ಲಿ ಅಡುಗೆಮನೆಯಲ್ಲಿ ಅವ್ವ ಚಕ್ಕಳಮಕ್ಕಳ ಹಾಕಿ ಕೂತು ಬಿಳಿ ಬಟ್ಟೆಯಲ್ಲಿ ಹಣ್ಣು ಹಿಂಡುತ್ತಿದ್ದಳು. ಬೆರಳ ಸಂದಿಯಿಂದ ನೇರಳೆ ರಸ ಇಳಿಯುತ್ತಿತ್ತು. ಶ್ವೇತಾ ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡು ವಾದಕ್ಕೆ ನಿಂತಿದ್ದಳು.

"ಅಜ್ಜೀ, ಡಾಕ್ಟರು ಬ್ಯಾಡ ಅಂದಾರ. ನನ್ನ ಹಾಲು ಐತಿ, ಅನ್ನ ಐತಿ, ಸಾಕು."

"ನಿನ್ನ ಹಾಲ ನಂಬಬ್ಯಾಡ ತಂಗಿ. ನಮ್ಮ ಕಡೆ ಹೆಣ್ಮಕ್ಕಳ ಹಾಲಿಗಿ ಬಲಾ ಇಲ್ಲ. ನಿಮ್ಮವ್ವನ್ನ ಕೇಳು, ಆಕಿ ಕಣ್ಣಾರೆ ಕಂಡಾಳ."

ಇಬ್ಬರೂ ನನ್ನ ಕಡೆ ನೋಡಿದರು. ಪಡಸಾಲೆಯ ಕಂಬವಿರಲಿಲ್ಲ, ಫ್ರಿಜ್ಜಿಗೆ ಬೆನ್ನು ಹಚ್ಚಿದೆ. ಚೀಲವನ್ನೂ ಕೆಳಗಿಡದೆ ಹೇಳಿದೆ. ಚೆನ್ನಾಗೇನೂ ಹೇಳಲಿಲ್ಲ. "ಅವ್ವಾ, ಬಾಹುಗ ನಾ ಅನ್ನ ಉಣಸ್ತಿರಲಿಲ್ಲ. ನಾನ ಉಣ್ತಿದ್ದೆ. ನಿನ್ನ ಹಾಲಿಂದ ಏನೂ ಆಗಿರಲಿಲ್ಲ" ಎಂದು ಪಾಠ ಒಪ್ಪಿಸುವ ಹುಡುಗಿಯಂತೆ ಒಂದೇ ಉಸಿರಿಗೆ ಒದರಿಬಿಟ್ಟೆ.

ಅವ್ವನ ಕೈ ಬಟ್ಟೆಯ ಮೇಲೆ ನಿಂತಿತು. ಕೇಳಿದಳು.

"ಎಷ್ಟ ದಿನ?"

"ದ್ರಾಕ್ಷಿ ಶುರು ಆದಾಗಿಂದ ಮಿರಜಿಗಿ ಹೋಗೂತನಕ."

"ದಿನಾ?"

"ದಿನಾ."

ಅವಳು ಹಿಂಡಿದ ರಸವನ್ನು ಪಕ್ಕಕ್ಕೆ ಸರಿಸಿದಳು. ಎದ್ದು ಕೈ ತೊಳೆದಳು. ಕೂಸಿಗೆಂದು ಶ್ವೇತಾ ಮಾಡಿಟ್ಟಿದ್ದ ಬೇಳೆ-ಅನ್ನವನ್ನು ಬೆರಳಿನಿಂದ ನಾದಿದಳು, ತುಪ್ಪ ಬಿಟ್ಟಳು, ಕೂಸನ್ನು ಎತ್ತಿಕೊಂಡು ಕಿಟಕಿಯ ಕೆಳಗೆ ಕೂತಳು. ಬೈಯುತ್ತಾಳೆಂದು ಕಾದೆ. ಬೈಗುಳಕ್ಕೆ ನನ್ನಲ್ಲಿ ನಲವತ್ತು ವರ್ಷದ ಉತ್ತರಗಳು ತಯಾರಿದ್ದವು: ಚಿಕ್ಕವಳಿದ್ದೆ, ಹಸಿದಿದ್ದೆ, ಅಂಜಿದ್ದೆ. ಯಾವುದೂ ಬೇಕಾಗಲಿಲ್ಲ. ಅವಳು ಉಣ್ಣಿಸಿದಳು. ಕೂಸು ಉಗುಳಿತು, ಬೆರಳಿನಿಂದ ಒರೆಸಿ ಮತ್ತೆ ಇಟ್ಟಳು. ಕಾಗೆ ತೋರಿಸಿದಳು, ರಿಕ್ಷಾ ತೋರಿಸಿದಳು. ಬಿಸಿಲು ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ಜಂತಿಗೆ ಏರಿತು. ತಾನು ಉಣ್ಣುವ ಹೊತ್ತು ಮೀರುತ್ತಿದೆ ಎಂಬುದನ್ನೂ ನೋಡಲಿಲ್ಲ. ಹೊತ್ತು ಮುಳುಗುವಾಗ ಮುಗಿಯಿತು. ಕೂಸು ತೇಗಿ ಅವಳ ಭುಜದ ಮೇಲೆ ತಲೆಯಿಟ್ಟಿತು. ಆಗ ಅವ್ವ ಬಟ್ಟಲನ್ನು ಎತ್ತಿ, ಆಯಿ ಹಿಡಿಯುತ್ತಿದ್ದ ಹಾಗೇ ಬೆಳಕಿಗೆ ಹಿಡಿದಳು. ಅಂಚಿನ ಸುತ್ತ ಅಗುಳು ಅಂಟಿತ್ತು, ಹೊರಮೈಗೆ ಸಣ್ಣ ಬೆರಳುಗಳ ಜಿಡ್ಡು. ಅವಳ ಸೆರಗಿಗೆ, ಕೂಸಿನ ಹುಬ್ಬಿಗೆ, ನೆಲಕ್ಕೆ, ಎಲ್ಲೆಲ್ಲೂ ಅನ್ನ.

"ನೋಡಿಲ್ಲೆ. ಕೂಸ ಉಂಡ ಬಟ್ಟಲ ಹಿಂಗಿರ್ತೈತಿ" ಅಂದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ನೀ ತರೂದ ತೊಳದಿಟ್ಟಂಗ ಇರ್ತಿತ್ತು. ದಿನಾ ನೋಡ್ತಿದ್ದೆ. ಹಡದಾಕಿ ನಾ, ನನಗರೆ ತಿಳೀಬೇಕಿತ್ತಲ್ಲವಾ."

ಎಂದರೆ ತಪ್ಪು ಮತ್ತೆ ಅವಳದೇ ಆಯಿತು. ನಾನು "ಇಲ್ಲ ಅವ್ವಾ" ಎನ್ನಲು ಬಾಯಿ ತೆರೆದೆ. ಅವಳು ಬಟ್ಟಲನ್ನು ನನ್ನ ಕೈಗೆ ಕೊಟ್ಟು, ಉಣ್ಣದೆಯೇ, ಕೂಸನ್ನು ಮಲಗಿಸಲು ಒಳಗೆ ಹೋದಳು. ನಾನು ಅದಕ್ಕೆ ನೀರು ಹಾಕಿ ಬೆರಳಿನಿಂದ ತೊಳೆದೆ. ಆ ನೀರನ್ನು ಕುಡಿಯಲಾಗಲಿಲ್ಲ, ಚೆಲ್ಲಲೂ ಆಗಲಿಲ್ಲ. ಬಟ್ಟಲು ಹಿಡಿದುಕೊಂಡು ಮೋರಿಯ ಮುಂದೆ ನಿಂತೇ ಇದ್ದೆ.